ಕೋಟೆಯಾಟದ ಕಾಯಿ

"ಹಸಿರು ನಂಗೆ ಬ್ಯಾಡ, ಇದು ಅಮ್ಮಂದು" ಎನ್ನುತ್ತಾ ಸುಷ್ಮಿತಾ ಬಳೆಚೂರೊಂದನ್ನು ನಡುಮನೆಯಲ್ಲಿ ಹಾಸಿದ್ದ ಆಟದ ಪಟದ ಪಕ್ಕ ಇಟ್ಟಳು. ಹಿತ್ತಿಲ ಕಲ್ಲಿನ ಬುಡದಿಂದ ಆರಿಸಿ, ತೊಳೆದು, ಲಂಗಕ್ಕೆ ಒರೆಸಿ ತಂದಿದ್ದಳು. ಗೋಡೆಗೊರಗಿ ಕೂತಿದ್ದ ತಾಯಿ ಅನುಸೂಯ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮೊನ್ನೆ ಹನ್ನೊಂದನೆಯ ದಿನ ಅದೇ ಕಲ್ಲಿನ ಮೇಲೆ ಅವಳ ಕೈಯಿಟ್ಟು ಬಳೆ ಒಡೆದಿದ್ದರು. ಆಗ ಮಗಳನ್ನು ಪಕ್ಕದ ಮನೆಗೆ ಕಳಿಸಿದ್ದರು. ಎಂಟು ವರ್ಷದವಳಿಗೆ ಚೂರು ಎಂದರೆ ಚೂರು. ಚೌಕಾಬಾರದ ಕಾಯಿಗೆಂದು ಬೀದಿಯ ಮಕ್ಕಳೆಲ್ಲ ಹುಡುಕುವುದು ಅದನ್ನೇ.

ಪಟ ಬರೆದವನು ಅನುಸೂಯಳ ಗಂಡ ಮೂರ್ತಪ್ಪ, ದುರ್ಗದ ಕೋಟೆಯ ಗೈಡು. ದಿನವಿಡೀ ಕೋಟೆ ಸುತ್ತಿದ್ದು ಸಾಲದೆಂದು ಮನೆಗೆ ಬಂದೂ ಕೋಟೆಯನ್ನೇ ಬರೆಯುವ ಆಸಾಮಿ. ಹೆಂಡತಿ ರೇಗಿಸಿದರೆ ಹಲ್ಲು ಕಿರಿಯುತ್ತಿದ್ದ. ತೊಂಬತ್ತೊಂಬತ್ತರ ಕ್ಯಾಲೆಂಡರಿನ ಬೆನ್ನಿಗೆ ಬಾಗಿಲು, ಹೊಂಡ, ಬುರುಜು ಎಲ್ಲ ಮೂಡಿಸಿ, ತಿರುವುಗಳ ಮೇಲೆ ಬೆಂಕಿಪೊಟ್ಟಣದ ಚೀಟಿ ಮುಚ್ಚಿದ್ದ. ಕವಡೆ ಹಾಕಿ ಹತ್ತಬೇಕು. ಚೀಟಿ ಮಗುಚಿದರೆ ಹಾವೋ ನೀರೋ ಸಿಗುತ್ತದೆ. ಅದಕ್ಕೊಂದು ಕಟ್ಟಳೆಯೂ ಇತ್ತು, ಅಪ್ಪಟ ಗೈಡಿನ ಕಟ್ಟಳೆ: ಹಿಂದುಳಿದವರು ಬರುವ ತನಕ ಮುಂದಿನವರು ಕೊನೆಯ ಬಾಗಿಲು ದಾಟುವಂತಿಲ್ಲ. "ಕಾಯಿ ನೀನೇ ಆರಿಸಿಡವ್ವ, ಭಾನುವಾರ ಆಡಾಣ" ಎಂದು ಮಗಳಿಗೆ ಹೇಳಿದ್ದವನು ಶನಿವಾರ ಎದೆನೋವೆಂದು ಕೋಟೆಯ ಮೆಟ್ಟಿಲ ಮೇಲೆ ಕೂತ. ಮತ್ತೆ ಏಳಲಿಲ್ಲ.

ಅಡುಗೆಮನೆಯಿಂದ ಬಂದ ಮೂರ್ತಪ್ಪನ ಅಕ್ಕ ಏಕನಾಥಮ್ಮ ಚೂರನ್ನು ಕಂಡು ಬೆಚ್ಚಿದಳು. "ಲೇ, ಅದನ್ನ ಯಾಕೆ ಒಳಗೆ ತಂದೆ? ಹೊರಗೆ ಬಿಸಾಕು."

"ಯಾಕತ್ತೆ? ಅಮ್ಮಂಗೆ ಹಸಿರೇ ಇರ್ಲಿ ಅಂತ ಅಪ್ಪ ಹೇಳಿದ್ದ."

ಬಿಸಾಡಿಸಿದರೆ ಯಾಕೆಂದು ಮಗಳಿಗೆ ಹೇಳಬೇಕು. ಅನುಸೂಯ ಸೆರಗಿನೊಳಗೆ ಮುಚ್ಚಿಕೊಂಡಿದ್ದ ಬೋಳು ಕೈಯನ್ನು ಹೊರತೆಗೆದು ಪಟದ ಹತ್ತಿರ ಸರಿದಳು.

"ಇರ್ಲಿ ಬಿಡ್ರಕ್ಕ. ಅದು ನನ್ನ ಕಾಯಿ."

ಏಕನಾಥಮ್ಮ ಕಣ್ಣೊರೆಸಿಕೊಂಡು ಒಳಗೆ ಹೋದಳು. ಸುಷ್ಮಿತಾ ತನಗೊಂದು ಗುಲಗಂಜಿ ಇಟ್ಟುಕೊಂಡಳು. ಆಮೇಲೆ ಮುಷ್ಟಿ ಬಿಚ್ಚಿ, ಗೂಟಕ್ಕೆ ತೂಗಿದ್ದ ಅಪ್ಪನ ಖಾಕಿ ಅಂಗಿಯಿಂದ ಕಿತ್ತಿದ್ದ ಗುಂಡಿಯನ್ನು ಮೊದಲ ಬಾಗಿಲ ಹೊರಗೆ ಇಟ್ಟಳು.

ಇಬ್ಬರೂ ಆಡಿದರು. ಎರಡು ಸಲ ಹಾವು ಸಿಕ್ಕಿತು, ಒಂದು ಸಲ ಹೊಂಡದ ನೀರು. ಗುಂಡಿಯ ಸರದಿ ಬಂದಾಗಲೆಲ್ಲ ಕವಡೆ ಸ್ವಲ್ಪ ಹೊತ್ತು ನೆಲದ ಮೇಲಿರುತ್ತಿತ್ತು, ಆಮೇಲೆ ಮುಂದಿನವರು ಎತ್ತಿಕೊಳ್ಳುತ್ತಿದ್ದರು. ಬಿಸಿಲು ಹೊಸಿಲು ದಾಟುವ ಹೊತ್ತಿಗೆ ಇಬ್ಬರ ಕಾಯಿಗಳೂ ಮೇಲೆ ಬಂದಿದ್ದವು.

"ಒಂದೇ ಮನೆ ಐತೆ, ದಾಟಾಣೇನೆ?" ಎಂದಳು ಅನುಸೂಯ.

"ಅಪ್ಪಂದು ಇನ್ನೂ ಕೆಳಗೇ ಐತಲ್ಲಮ್ಮ. ಕಾಯ್ಬೇಕು."

ಅನುಸೂಯ ಕವಡೆಗಳನ್ನು ಮೆಲ್ಲಗೆ ಕೆಳಗಿಟ್ಟಳು. ಕೊನೆಯ ಬಾಗಿಲಲ್ಲಿ ಹಸಿರು ಚೂರು, ಗುಲಗಂಜಿ ಒಂದರ ಪಕ್ಕ ಒಂದಿದ್ದವು. ಕೆಳಗೆ, ಮೊದಲ ಬಾಗಿಲ ಹೊರಗೆ, ಗುಂಡಿಯ ತೂತಿನಲ್ಲಿ ಖಾಕಿ ದಾರದ ಎಳೆಯೊಂದು ಇನ್ನೂ ಉಳಿದಿತ್ತು.