ಸರಾಸರಿ ವೇಗ

ಧನರಾಜ ಸರ್‌ಗೆ ಲಕ್ವ ಹೊಡೆದ ಮೇಲೆ ಅವರನ್ನು ಹೋಗಿ ನೋಡುವ ಧೈರ್ಯ ಆಮ್ರಪಾಲಿಗೆ ಬಂದಿರಲಿಲ್ಲ. ಅವಳಿಗೆ ಭೌತಶಾಸ್ತ್ರ ಕಲಿಸಿದವರು ಅವರು. ಈಗ ಅದನ್ನೇ ಅವಳು ಬಸವಕಲ್ಯಾಣದ ಕಾಲೇಜೊಂದರಲ್ಲಿ ಕಲಿಸುತ್ತಿದ್ದಳು. ಕಡೆಗೆ ಸರ್ ಹೆಂಡತಿ ಮೀರಾಬಾಯಿಯೇ ಫೋನ್ ಮಾಡಿದರು.

"ಯಾರ ಜೋಡೀನೂ ಮಾತಾಡವಲ್ರವ್ವ. ನೀ ಬಂದು ಏನರ ಲೆಕ್ಕ ಕೇಳು, ಗೊತ್ತಿಲ್ಲದವರಂಗ. ಹೇಳಿಕೊಡೂದಂದ್ರ ಅವರಿಗಿ ಜೀವ ಬರ್ತದ."

ಭಾನುವಾರ ಅವಳು ಹುಮನಾಬಾದಿಗೆ ಹೋದಳು. ಸರ್ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ಸರ್, ಒಂದು ಡೌಟ್ ಅದರಿ. ರಾಕೆಟ್ ವೇಗ ಹೆಚ್ಚಿಸ್ಕೊಂತ ಹೊಂಟದ. ಒಳಗ ಕೂತವನ ಗಡಿಯಾರದಾಗ ಎಷ್ಟು ಹೊತ್ತು ಆಗಿರ್ತದ, ಹ್ಯಾಂಗ ತೆಗೀಬೇಕ್ರಿ?"

ಸರ್ ಕಣ್ಣು ಅರಳಿದವು. ಎಡಗೈಯಲ್ಲಿ ಪೆನ್ನು ಹಿಡಿದು ಸೊಟ್ಟಸೊಟ್ಟಗೆ ಒಂದು ಗೆರೆ ಎಳೆದರು.

"ತುಣುಕು... ಮಾಡು."

ಹಿಂದೆಯೂ ಹಾಗೇ ಕಲಿಸಿದ್ದರು. ವೇಗ ಹೆಚ್ಚಿದಷ್ಟೂ ಒಳಗಿನ ಗಡಿಯಾರ ನಿಧಾನವಾಗುತ್ತದೆ; ಆ ವೇಗವೇ ಬದಲಾಗುತ್ತಿದ್ದರೆ ಪ್ರಯಾಣವನ್ನು ಸಣ್ಣ ಸಣ್ಣ ತುಣುಕು ಮಾಡಬೇಕು. ಒಂದೊಂದು ತುಣುಕಿನಲ್ಲಿ ವೇಗ ಒಂದೇ ಎಂದು ಹಿಡಿದು ಒಳಗಿನ ಗಡಿಯಾರಕ್ಕೆ ಸಂದ ಕಾಲ ತೆಗೆಯಬೇಕು; ಆಮೇಲೆ ಎಲ್ಲ ಕೂಡಿಸಬೇಕು. ಚಹಾ ತಂದ ಮೀರಾಬಾಯಿ ಬಾಗಿಲಲ್ಲೇ ನಿಂತರು.

ಗೆರೆಯ ಮೇಲೆ ತುಣುಕು ಗುರುತು ಹಾಕುತ್ತಿದ್ದ ಪೆನ್ನೂ ನಿಂತಿತು. ಸರ್ ಬಹಳ ಹೊತ್ತು ಆ ತುಣುಕುಗಳನ್ನೇ ನೋಡಿದರು. ಆಮೇಲೆ ಇಡೀ ಪ್ರಯಾಣದ ಸರಾಸರಿ ವೇಗ ಬರೆದು, ಅದನ್ನೇ ಸೂತ್ರದಲ್ಲಿ ಹಾಕಿ, "ಆತು" ಎಂದರು. ಹಿಂದೆ ಯಾರಾದರೂ ಹೀಗೆ ಬರೆದರೆ ಹಾಳೆ ಮುಖಕ್ಕೆ ಎಸೆಯುತ್ತಿದ್ದ ಮನುಷ್ಯ.

"ಹೌದ್ರಿ ಸರ್. ಈಗ ತಿಳೀತ್ರಿ."

ಸರ್ ಅವಳ ಮುಖ ನೋಡಿದರು. ಹಾಳೆ ನೋಡಿದರು. ಎಲ್ಲೋ ತಪ್ಪಿದೆ ಎಂಬುದು ಅವರಿಗೆ ಹೊಳೆದಿತ್ತು, ಎಲ್ಲಿ ಎಂಬುದು ಸಿಗುತ್ತಿರಲಿಲ್ಲ.

"ನಿನಗ ಬರ್ತದ ಇದು. ನಾನ ಕಲಿಸೀನಿ. ಎಲ್ಲಿ ತಪ್ಪದ, ಹೇಳು."

ಅವಳು ಬೆರಳಿಟ್ಟು ತೋರಿಸಿದಳು. "ಸರಾಸರಿ ತಗೋಬಾರದ್ರಿ. ಒಂದೊಂದು ತುಣುಕಿಂದು ಬ್ಯಾರೆ ತೆಗೆದು ಕೂಡಿಸಬೇಕ್ರಿ." ಮೊದಲ ವರ್ಷದ ಹುಡುಗಿಗೆ ಹೇಳುವಂತೆ ನಿಧಾನವಾಗಿ ಬಿಡಿಸಿ ಹೇಳಿದಳು. ಸರ್ ಕಣ್ಣು ಮಿಟುಕಿಸದೆ ಕೇಳಿದರು.

"ತಿಳೀವಲ್ದು."

ಮತ್ತೊಮ್ಮೆ ಹೇಳಿದಳು. ಅವರು ತಲೆ ಅಲ್ಲಾಡಿಸಿ ಹಾಳೆಯನ್ನು ಅವಳ ಕಡೆ ಸರಿಸಿದರು.

"ಹೋಗವ್ವ. ಇನ್ನ ಬರಬ್ಯಾಡ."

ಹೊರಗೆ ಮೀರಾಬಾಯಿ, "ನಾನ ನಿನ್ನ ಕರಸಬಾರದಿತ್ತು" ಎಂದರು.

ಅದಾದ ಮೇಲೆ ಸರ್ ಪೆನ್ನು ಮುಟ್ಟಲಿಲ್ಲ. ದೀಪಾವಳಿಗೆ ಮುಂಚೆ ಮೀರಾಬಾಯಿ ಮತ್ತೆ ಫೋನ್ ಮಾಡಿದರು. ಸರ್ ತಮ್ಮ ಪುಸ್ತಕ ಎಲ್ಲಾ ನಿನಗೇ ಕೊಡಲು ಹೇಳಿದ್ದಾರೆ, ಬಂದು ಒಯ್ಯಿ ಎಂದರು.

"ಬರ್ತೀನ್ರಿ" ಎಂದಳು ಆಮ್ರಪಾಲಿ. ಹೋಗಲಿಲ್ಲ.