ಹೊಕ್ಕುಳಿಗೆ ಹಚ್ಚಿದ್ದು

"ಹೊಕ್ಕುಳಿಗೆ ಏನಾದ್ರೂ ಹಚ್ಚಿದ್ರಾ?" ಎಂದು ಮಕ್ಕಳ ಡಾಕ್ಟರು ಕೇಳಿದಾಗ ಸೊಸೆ ಒಂದು ಕ್ಷಣವೂ ಯೋಚಿಸಲಿಲ್ಲ.

"ಅಯ್ಯೋ, ಏನೂ ಇಲ್ಲ ಡಾಕ್ಟ್ರೇ. ನಮ್ಮತ್ತೆ ಹೆರಿಗೆ ವಾರ್ಡಲ್ಲೇ ಮೂವತ್ತೈದು ವರ್ಷ ಸಿಸ್ಟರ್ ಆಗಿದ್ದೋರು. ಮಗು ಸ್ನಾನ, ಬಟ್ಟೆ ಎಲ್ಲಾ ಅವ್ರದ್ದೇ. ಕಂಡಿದ್ದೆಲ್ಲಾ ಹಚ್ಚೋಕೆ ಅವ್ರು ಬಿಡ್ತಾರಾ?"

"ಓ, ಸಿಸ್ಟರಾ! ಹಾಗಿದ್ರೆ ಕೇಳೋದೇ ಬೇಡ" ಎಂದು ಡಾಕ್ಟರು ನಕ್ಕು, ಹಾಳೆಯಲ್ಲಿ ಆ ಪ್ರಶ್ನೆಯ ಮುಂದೆ 'ಇಲ್ಲ' ಎಂದು ಬರೆದುಕೊಂಡರು.

ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದ ಅತ್ತೆಯೂ ನಕ್ಕರು. ಎಂಥಾ ನಗು ಅದು! ಬೀದಿಗೆಲ್ಲ ಸಿಸ್ಟರಮ್ಮ ಎನಿಸಿಕೊಂಡ ಹೆಂಗಸು, ಯಾರ ಮನೆಯ ಮಗುವಿಗೆ ಶೀತವಾದರೂ ಕೇಳದೆಯೇ ಬುದ್ಧಿ ಹೇಳಿ ಬರುವವರು, ಈಗ ನಾಲಿಗೆ ಹೊರಳದೆ ಹಲ್ಲು ಕಿರಿದುಕೊಂಡು ಕುಳಿತಿದ್ದರು. ಹಚ್ಚಿದವರು ಅವರೇ. ಹುಟ್ಟಿದ ಎರಡನೇ ದಿನ ಮಗು ಆಸ್ಪತ್ರೆಯಿಂದ ಮನೆಗೆ ಬಂದಾಗಿನಿಂದ ನಿನ್ನೆಯವರೆಗೆ, ದಿನಕ್ಕೆರಡು ಸಲ, ಬಚ್ಚಲಿನ ಬಾಗಿಲು ಹಾಕಿಕೊಂಡು ಹಚ್ಚಿದ್ದರು.

ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ ಹೊಕ್ಕುಳು ಒಣಗಿರುವಂತೆ ನೋಡಿಕೊಳ್ಳಿ, ಏನನ್ನೂ ಹಚ್ಚಬೇಡಿ ಎಂದು ದಪ್ಪಕ್ಷರದಲ್ಲಿತ್ತು. ನಿನ್ನೆ ಮೊನ್ನೆ ಬಂದವರು ನನಗೆ ಹೇಳಿಕೊಡಬೇಕೇ ಎಂದು ಸಿಸ್ಟರಮ್ಮ ಅದನ್ನು ಮಡಚಿಟ್ಟಿದ್ದರು. ಅವತ್ತೇ ಸಂಜೆ ಹೊಕ್ಕುಳು ಕೊಂಚ ಒಸರಿದ ಹಾಗೆ ಕಂಡಿತು. ಗಾಯಕ್ಕೆ ಹಚ್ಚುವ ಕಂದು ಅಯೋಡಿನ್ ಬಾಟಲಿಯ ಕಡೆಗೆ ಕೈ ತಾನಾಗಿ ಹೋಯಿತು. ಸೊಸೆ ನೋಡಿದರೆ ಸುಮ್ಮನೆ ವಾದ ಎಂದು, ಹಚ್ಚಿದ ಮೇಲೆ ಸುತ್ತಲಿನ ಕಲೆಯನ್ನು ಒದ್ದೆ ಹತ್ತಿಯಿಂದ ಒರೆಸಿಬಿಡುತ್ತಿದ್ದರು.

ನಿನ್ನೆ ಸಂಜೆ ಆಸ್ಪತ್ರೆಯಿಂದ ಫೋನ್ ಬಂತು. ಐದನೇ ದಿನ ಮತ್ತೆ ಕರೆಸಿ ಹಿಮ್ಮಡಿ ಚುಚ್ಚಿ ತೆಗೆದ ರಕ್ತದಲ್ಲಿ, ಥೈರಾಯ್ಡ್ ಮಂಕಾದರೆ ಏರುವ ಟಿಎಸ್‌ಎಚ್ ಜಾಸ್ತಿ ಬಂದಿದೆ, ಮಗುವನ್ನು ಕರೆತನ್ನಿ ಎಂದರು. ಸೊಸೆಗೆ ಮೊದಲೇ ಥೈರಾಯ್ಡ್ ಇತ್ತು. ಸಿಸ್ಟರಮ್ಮ ಹಿಂದೆಮುಂದೆ ನೋಡದೆ ಅವಳ ಮೇಲೆ ಎಗರಿದ್ದರು. "ಮಾತ್ರೆ ಸರಿಯಾಗಿ ತಗೋ ತಗೋ ಅಂತ ಬಾಯಿ ಬಡ್ಕೊಂಡೆ. ಈಗ ನೋಡು, ಕೂಸು ಅನುಭವಿಸ್ಬೇಕು!" ಸೊಸೆ ಎದ್ದು ಒಳಗೆ ಹೋಗಿದ್ದಳು.

ಅದಾಗಿ ಅರ್ಧ ಗಂಟೆಯ ಮೇಲೆ, ಕೈಯಲ್ಲಿ ಹತ್ತಿ ಹಿಡಿದು ಬಾಟಲಿಯ ಮುಚ್ಚಳ ತಿರುಗಿಸುವಾಗ, ಸಿಸ್ಟರಮ್ಮನಿಗೆ ಥಟ್ಟನೆ ನೆನಪಾಯಿತು. ನಿವೃತ್ತಿಗೆ ಮೂರು ವರ್ಷ ಮುಂಚೆ ವಾರ್ಡಿಗೆ ಒಂದು ಸುತ್ತೋಲೆ ಬಂದಿತ್ತು. ಹಸುಗೂಸಿಗೆ ಕಂದು ಔಷಧಿ ಹಚ್ಚಕೂಡದು, ಅಯೋಡಿನ್ ಚರ್ಮದಿಂದ ಒಳಗಿಳಿದು ಥೈರಾಯ್ಡ್ ಗ್ರಂಥಿಯನ್ನು ಮಂಕು ಮಾಡುತ್ತದೆ ಎಂದು. ಅದನ್ನು ಗೋಡೆಗೆ ಅಂಟಿಸಿ, ಕಿರಿಯ ನರ್ಸುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಸಹಿ ಹಾಕಿಸಿಕೊಂಡವರು ಇವರೇ.

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಇಂದು ಬೆಳಿಗ್ಗೆ ಮಗುವಿನ ಹೊಕ್ಕುಳನ್ನು ಬಿಸಿನೀರಿನಲ್ಲಿ ಮೂರು ಸಲ ಒರೆಸಿ ಕರೆತಂದಿದ್ದರು.

"ತಿಂಗಳು ತುಂಬಿತ್ತು, ತೂಕ ಚೆನ್ನಾಗಿದೆ. ಮೊದಲನೇ ದಿನವೇ ರಕ್ತ ತೆಗೆದ್ರೆ ಹೀಗೆ ಏರಿರುತ್ತೆ, ಆದ್ರೆ ಇದು ಐದನೇ ದಿನದ್ದು" ಎಂದು ಡಾಕ್ಟರು ಹಾಳೆ ನೋಡುತ್ತ ಹೇಳಿದರು. "ಬೇರೆ ಕಾರಣ ಕಾಣ್ತಿಲ್ಲ. ಇನ್ನೊಂದ್ಸಲ ರಕ್ತ ಕೊಟ್ಟು ಹೊರಗಿರಿ. ಗ್ರಂಥಿಯಲ್ಲೇ ತೊಂದರೆ ಇದ್ರೆ ಮಾತ್ರೆ ತಡ ಮಾಡೋ ಹಾಗಿಲ್ಲ, ಬುದ್ಧಿ ಬೆಳವಣಿಗೆಗೆ ಪೆಟ್ಟು ಬೀಳುತ್ತೆ. ಬಹುಶಃ ವರ್ಷಗಟ್ಟಲೆ ಕೊಡ್ಬೇಕಾಗ್ಬಹುದು."

ರಕ್ತ ತೆಗೆಯುವಾಗ ಮಗು ಆಸ್ಪತ್ರೆಗೆಲ್ಲ ಕೇಳುವಂತೆ ಕಿರುಚಿತು. ಹೊರಗೆ ಬೆಂಚಿನ ಮೇಲೆ ಅದಕ್ಕೆ ಹಾಲು ಕೊಡುತ್ತ ಸೊಸೆ ಪಕ್ಕದಲ್ಲಿ ಕೂತಿದ್ದ ಗಂಡನಿಗೆ ಮೆಲ್ಲಗೆ ಹೇಳಿದಳು. "ಅತ್ತೆ ಬೈದಿದ್ರಲ್ಲಿ ತಪ್ಪೇನಿಲ್ಲ ಕಣ್ರೀ. ಏಳನೇ ತಿಂಗಳಲ್ಲಿ ಎರಡು ದಿನ ಮಾತ್ರೆ ಮರ್ತಿದ್ದೆ. ಯಾರಿಗೂ ಹೇಳಿರ್ಲಿಲ್ಲ. ನನ್ನಿಂದ್ಲೇ ಹಿಂಗಾಯ್ತು."

ಮಗ ಫೈಲನ್ನು ತೊಡೆಯ ಮೇಲೆ ನೆಟ್ಟಗಿಟ್ಟುಕೊಂಡು, "ಎರಡು ದಿನ ತಾನೆ?" ಎಂದ. ಸಮಾಧಾನಕ್ಕೆ ಅಷ್ಟೇ ಅವನಿಗೆ ಗೊತ್ತಿದ್ದದ್ದು.

ಬೆಂಚಿನ ಆಚೆ ತುದಿಯಲ್ಲಿ ಇದನ್ನು ಕೇಳಿಸಿಕೊಂಡ ಸಿಸ್ಟರಮ್ಮನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಮಾಡಿದ್ದು ತಾನು, ತಲೆ ತಗ್ಗಿಸಿ ಕೂತದ್ದು ಆ ಹುಡುಗಿ. ಅವರು ಎದ್ದು, ಬಾಗಿಲ ಬಳಿ ಕಾಯುತ್ತಿದ್ದವರ ಗೊಣಗಾಟವನ್ನು ಕಿವಿಗೆ ಹಾಕಿಕೊಳ್ಳದೆ ಒಳಗೆ ನುಗ್ಗಿದರು. ಮೇಜಿನ ಮುಂದೆ ಬೇರೊಂದು ಮಗು, ಅದರ ತಾಯಿ ಇದ್ದರು. ಇರಲಿ ಎಂದುಕೊಂಡರು.

"ಡಾಕ್ಟ್ರೇ, ಆ ಹಾಳೆ ತಿದ್ದಿ. ಹಚ್ಚಿದ್ದೀನಿ. ಅಯೋಡಿನ್. ಹತ್ತು ದಿನ."

ಡಾಕ್ಟರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

"ಹೇಳಿದ್ದು ಒಳ್ಳೇದಾಯ್ತು. ಇವತ್ತೇ ನಿಲ್ಸಿ. ಅದೇ ಕಾರಣ ಆಗಿದ್ರೆ ತಾನಾಗೇ ಇಳಿಯುತ್ತೆ. ಆದ್ರೆ ಈಗ್ಲೇ ಹಾಗಂತ ಹೇಳಕ್ಕಾಗಲ್ಲ, ಇವತ್ತಿನ ರಿಪೋರ್ಟ್ ಬರ್ಲಿ. ಬೇಕಾದ್ರೆ ಸ್ವಲ್ಪ ದಿನ ಮಾತ್ರೆ ಕೊಡೋಣ."

"ಅವಳು ಎರಡು ದಿನ ಮಾತ್ರೆ ಮರ್ತಿದ್ದಳಂತೆ..."

"ಅದರಿಂದೆಲ್ಲ ಹೀಗಾಗಲ್ಲ ಸಿಸ್ಟರ್. ನಿಮಗೆ ಗೊತ್ತಲ್ಲ." ಡಾಕ್ಟರು 'ಇಲ್ಲ' ಎಂಬುದನ್ನು ಹೊಡೆದುಹಾಕಿ, ತುಸು ತಡೆದು ಕೇಳಿದರು. "ಅವ್ರಿಗೆ ನಾನು ಹೇಳ್ಲಾ, ನೀವೇ ಹೇಳ್ತೀರಾ?"

"ನಾನೇ ಹೇಳ್ತೀನಿ."

ಬಾಗಿಲಿನಿಂದ ಬೆಂಚಿಗೆ ಹತ್ತು ಹೆಜ್ಜೆ. ಸಿಸ್ಟರಮ್ಮ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದರು. ಬಾಟಲಿ, ಬಾಗಿಲು ಹಾಕಿಕೊಂಡದ್ದು, ಬೆಳಿಗ್ಗೆ ಒರೆಸಿದ್ದು, ಡಾಕ್ಟರು ಹೇಳಿದ್ದು.

ಸೊಸೆ ಮಗುವಿನ ತಲೆಗೆ ಸೆರಗು ಹೊದಿಸಿದಳು. ಆಮೇಲೆ ಕೇಳಿದಳು. "ನಿನ್ನೆ ನಂಗೆ ಬೈಯುವಾಗ ನಿಮಗೆ ಗೊತ್ತಿತ್ತಾ?"

"ಬೈಯುವಾಗ ಇಲ್ಲ. ಆಮೇಲೆ ಗೊತ್ತಾಯ್ತು."

"ಆಮೇಲೆ ಅಂದ್ರೆ?"

"ಅರ್ಧ ಗಂಟೆಗೆ."

ಅಷ್ಟರಲ್ಲಿ ಮಗು ಒದ್ದೆ ಮಾಡಿಕೊಂಡು ಅಳಲು ಶುರುಮಾಡಿತು. ಇಂಥ ಹೊತ್ತಿನಲ್ಲಿ ಅದನ್ನು ಅತ್ತೆಯ ಕೈಗೆ ದಾಟಿಸುವುದೇ ರೂಢಿ. ಸಿಸ್ಟರಮ್ಮನ ಕೈಗಳು ಮುಂದಕ್ಕೆ ಬಂದೂಬಿಟ್ಟವು. ಸೊಸೆ ಮಗುವನ್ನು ಬೆಂಚಿನ ಮೇಲೆ ತಾನೇ ಮಲಗಿಸಿ, ಒದ್ದೆ ಬಟ್ಟೆ ಬಿಚ್ಚಿ, ಒಣಬಟ್ಟೆಯನ್ನು ಉಲ್ಟಾ ಮಡಚಿ ಸುತ್ತತೊಡಗಿದಳು. ಅದು ಒಂದು ಕಡೆ ಬಿಗಿಯಾಯಿತು, ಇನ್ನೊಂದು ಕಡೆ ಜಾರಿತು. ಬಿಚ್ಚಿದಳು, ಮತ್ತೆ ಸುತ್ತಿದಳು. ಸಾವಿರಾರು ಕೂಸುಗಳಿಗೆ ಬಟ್ಟೆ ಕಟ್ಟಿದ ಸಿಸ್ಟರಮ್ಮ ಚಾಚಿದ ಕೈಗಳನ್ನು ಹಿಂದಕ್ಕೆಳೆದುಕೊಂಡು ನೋಡುತ್ತ ನಿಂತರು.

ಕೊನೆಗೆ ಸೊಸೆ ಬಟ್ಟೆಯ ಎರಡು ತುದಿಗಳನ್ನು ಎಡಗೈಯಲ್ಲಿ ಒತ್ತಿ ಹಿಡಿದು, ತಲೆಯೆತ್ತದೆ ಬಲಗೈ ಚಾಚಿದಳು. ಸಿಸ್ಟರಮ್ಮ ಚೀಲದಿಂದ ಪಿನ್ನು ಹುಡುಕಿ ತೆಗೆದು, ಅದರ ಬಾಯಿ ಮುಚ್ಚಿದೆಯೇ ಎಂದು ಎರಡು ಸಲ ನೋಡಿ, ಆ ಅಂಗೈ ಮೇಲಿಟ್ಟರು.