ಮುಂದಿನ ಕುರ್ಚಿಯಲ್ಲಿ ಹಂದಿಯ ತಲೆ

ಮನ್‌ಸಿಕ್ ಕಂಬದ ತುದಿಯಲ್ಲಿ ಹಗ್ಗದ ಗಾಲಿಗಳಿಗೆ ಕಟ್ಟಿದ ಮಂಜುಗಡ್ಡೆ ಕೆರೆಯುತ್ತಿದ್ದಾಗ ಕಂಪನಿಯವರು ಬೆಟ್ಟ ಹತ್ತಿಸುವ ಕುರ್ಚಿ ಲಿಫ್ಟ್ ನಿಲ್ಲಿಸಲಿಲ್ಲ, ನಿಧಾನ ಮಾಡಿದರು, ಅಷ್ಟೇ. ಕೆಳಗೆ ಹಿಮದಲ್ಲಿ ಜಾರಲು ಸ್ಕೀ ಹೊತ್ತವರ ಸಾಲು ಉದ್ದವಿತ್ತು. ಅದು ಹೋದ ಚಳಿಗಾಲ. ಈಗ ಅದೇ ಲಿಫ್ಟಿನ ಕುರ್ಚಿ ಹಿಂದಿನಿಂದ ಬಂದು ಅವನ ಹೆಂಡತಿ ಮಿರಾನ್‌ಳ ಮಂಡಿಯ ಹಿಂಬದಿಗೆ ತಾಗಿ ಎತ್ತಿಕೊಂಡೇಬಿಟ್ಟಿದೆ, ಕಬ್ಬಿಣದ ಅಡ್ಡಪಟ್ಟಿ ಹೊಟ್ಟೆಗೆ ಒತ್ತಿದೆ, ಎಡಕ್ಕೆ ಮೇನೇಜರ್ ಹ್ವಾಂಗ್, ಬಲಕ್ಕೆ ಮನ್‌ಸಿಕ್‌ನ ಅಣ್ಣ ಮನ್‌ಹೋ, ಕಾಲಡಿ ನೆಲವಿಲ್ಲ — ಮುಂದಿನ ಕುರ್ಚಿಯಲ್ಲಿ ಕ್ಯಾಂಟೀನಿನ ಅಡುಗೆಯವಳು ಸೀಸನ್ ಶುರುವಿನ ಪೂಜೆಗೆ ಬೇಯಿಸಿದ ಹಂದಿತಲೆಯನ್ನು ಕೂಸಿನ ಹಾಗೆ ಹೆಗಲಿಗೆ ಒರಗಿಸಿಕೊಂಡಿದ್ದಾಳೆ, ಅದು ಕುರ್ಚಿಯ ಬೆನ್ನಿನ ಮೇಲಿಂದ ನೇರ ಇವಳನ್ನೇ ನೋಡಿ ನಗುತ್ತಿದೆ. ನಗೋ ಮುಖದ್ದೇ ಬೇಕು ಅಂತ ಮಾರ್ಕೆಟ್ಟೆಲ್ಲ ಹುಡುಕಿಸಿದೆ ಕಣಮ್ಮ, ಮುಖ ಗಂಟಿಕ್ಕಿರೋ ಹಂದಿ ಇಟ್ರೆ ಸೀಸನ್ನೇ ಹಾಳು, ಅನ್ನುತ್ತಾನೆ ಹ್ವಾಂಗ್. ಪ್ರತಿ ವರ್ಷ ಮನ್‌ಸಿಕ್ ಅದರ ಮೂಗಿನ ಹೊಳ್ಳೆಗೆ ಕಾಣಿಕೆಯ ನೋಟು ಸುರುಳಿ ಸುತ್ತಿ ಸಿಕ್ಕಿಸಿ, ಮುಚ್ಕೋ ತಮ್ಮಾ, ಮೇಲೆ ಚಳಿ ಜಾಸ್ತಿ, ಅನ್ನುತ್ತಿದ್ದ, ಎಲ್ಲರೂ ನಗುತ್ತಿದ್ದರು, ಹ್ವಾಂಗ್ ಕೂಡ, ಮನೆಗೆ ಬಂದರೆ ಟೋಪಿಯ ತುಂಬ ಗ್ರೀಸಿನ ವಾಸನೆ, ಎಷ್ಟು ತೊಳೆದರೂ — ಕಂಬ ದಾಟಿತು, ಗಡಗಡ ಎಂದು ಹಲ್ಲುಗಳವರೆಗೆ ನಡುಕ. ಇಳಿಜಾರು ಈಗ ಗೋಡೆಯಂತೆ ಎದ್ದಿದೆ, ಕಿವಿ ಕಟ್ಟಿಕೊಳ್ಳುತ್ತಿದೆ, ಜಿಗಿಯಲು ಆಗದು, ಹಿಂದಿರುಗಲು ಆಗದು, ಈ ಯಂತ್ರಕ್ಕೆ ಗೊತ್ತಿರುವುದು ಮೇಲಕ್ಕೆ ಒಯ್ಯುವುದೊಂದೇ. ಮಾತು ಮರೀಬೇಡಿ, ಹ್ವಾಂಗ್ ಮತ್ತೆ ಹೇಳಿಕೊಡುತ್ತಾನೆ, ಬೆಟ್ಟದ ದೈವವೇ, ನನ್ನ ಗಂಡ ಕುಡಿದು ಕಂಬ ಹತ್ತಿದ್ದ, ಅವನ ತಪ್ಪು ಮನ್ನಿಸು, ಈ ವರ್ಷ ಎಲ್ಲರನ್ನೂ ಕಾಯಿ — ಅಷ್ಟು ಹೇಳಿ ಹಣೆ ನೆಲಕ್ಕೆ ಮುಟ್ಟಿಸಿ, ಕೆಲಸದ ಹುಡುಗರ ಭಯ ಹೋಗುತ್ತೆ. ಕುಡಿದದ್ದು ಏನು? ಅವತ್ತು ಅವನ ಫ್ಲಾಸ್ಕಿನಲ್ಲಿದ್ದದ್ದು ಬಾರ್ಲಿ ನೀರು, ಅವಳೇ ಕಾಸಿದ್ದಳು, ಅವಳೇ ಮುಚ್ಚಳ ತಿರುಗಿಸಿದ್ದಳು, ಬಿಗಿಯಾಯ್ತಾ ಅಂದಿದ್ದ, ಆಯ್ತು ಹೋಗು ಅಂದಿದ್ದಳು, ಹೋದ. ಒಂದ್ಸಲ ಬಗ್ಗಿಬಿಡಮ್ಮ, ಮನ್‌ಹೋ ಕೈಗವಸಿನೊಳಗೇ ಗೊಣಗುತ್ತಾನೆ, ಸತ್ತೋನಿಗೆ ಏನು ಮಾನ, ನಾನು ಇಲ್ಲೇ ಅನ್ನ ತಿನ್ಬೇಕು. ನಿಮ್ಮ ತಮ್ಮ ಕುಡಿದಿದ್ನಾ ಭಾವ? ಮನ್‌ಹೋ ಎದುರಿನ ಹಂದಿಯನ್ನು ನೋಡಿದ. ಕಂಬ ಬಂತು, ಅವನು ಬಿದ್ದ ಆ ಕಂಬ, ಹೊಸ ಗಾಲಿ ಹಾಕಿದ್ದಾರೆ, ಹೊಳೆಯುತ್ತಿದೆ, ಕೆಳಗೆ ನೋಡ್ಬೇಡಿ ತಲೆ ತಿರುಗುತ್ತೆ ಅಂದ ಹ್ವಾಂಗ್, ಅವಳು ನೋಡಿದಳು, ಬರೀ ಹಿಮ, ಯಂತ್ರದಿಂದ ಸುರಿದು ನುಣ್ಣಗೆ ತೀಡಿದ ಹಿಮ, ಒಂದು ಗುರುತೂ ಇಲ್ಲ. ಹಂದಿ ನಗುತ್ತಿದೆ. ಅದಕ್ಕೂ ಕತ್ತು ಕೊಯ್ದ ಮೇಲೇ ನಗು ಬಂದಿರಬೇಕು, ಇಲ್ಲವೇ ಯಾರೋ ಬೆರಳಿಟ್ಟು ತುಟಿ ಎಳೆದಿರಬೇಕು, ಬೇಯುವಾಗ ಹಾಗೇ ನಿಂತುಹೋಯಿತು, ಈಗ ನನ್ನ ಬಾಯಿಗೂ ಬೆರಳು — ಕುರ್ಚಿ ನಿಧಾನವಾಯಿತು. ಮೇಲಿನ ನಿಲ್ದಾಣ. ಚಾಪೆ ಹಾಸಿದೆ, ಕೆಲಸದವರೆಲ್ಲ ಟೋಪಿ ತೆಗೆದು ಸಾಲಾಗಿ ನಿಂತಿದ್ದಾರೆ, ಅವನ ಜೊತೆ ಕಂಬ ಹತ್ತಿದವರೇ, ಯಾರೂ ಅವಳ ಕಣ್ಣು ನೋಡುತ್ತಿಲ್ಲ. ಅಡುಗೆಯವಳು ಇಳಿದು ತಲೆಯನ್ನು ಮೇಜಿನ ಮೇಲಿಟ್ಟಳು, ಮುಖ ಈ ಕಡೆಗೆ. ಹ್ವಾಂಗ್ ಅಡ್ಡಪಟ್ಟಿ ಎತ್ತಿದ. ಇಳೀರಿ, ಬೇಗ, ಇಳೀರಿ. ಮಿರಾನ್ ಎರಡೂ ಕೈಯಲ್ಲಿ ಪಟ್ಟಿಯನ್ನು ಹಿಡಿದು ಮೂವರ ಮೇಲೂ ಕೆಳಕ್ಕೆ ಎಳೆದಳು. ಏ, ಏನ್ಮಾಡ್ತಿದೀಯಾ, ಇಳಿ! ಹಂದಿ ನಗುತ್ತಿದೆ, ನಗುತ್ತಿದೆ, ನಗುತ್ತಲೇ ಇದೆ — ಅವ್ನು ಕುಡಿದಿರ್ಲಿಲ್ಲ, ಎಂದಳು ಅವಳು ಎಲ್ಲರಿಗೂ ಕೇಳುವಂತೆ, ನಾನು ಇಳಿಯಲ್ಲ.